ನಾಲೆಯ ಓರೆ ಎಷ್ಟಿರಬೇಕು? ಒಂದು ಲೆಕ್ಕ, ಹಲವು ದಾರಿ

ಮಂಡ್ಯ, ಪಾಂಡವಪುರ, ಮದ್ದೂರು ಕಡೆ ಓಡಾಡುವವರಿಗೆ ವಿ.ಸಿ. ನಾಲೆ, ಅದರ ಕವಲುಗಳು ಹೊಸದಲ್ಲ. ನೀರು ನಿಲ್ಲಿಸಿದಾಗ ಏರಿ ಮೇಲೆ ನಿಂತು ನೋಡಿದರೆ ಲೈನಿಂಗ್ ಆದ ನಾಲೆಯ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಕೆಳಗೆ ಚಪ್ಪಟೆ ತಳ, ಎರಡೂ ಕಡೆ ಹೊರಕ್ಕೆ ವಾಲಿದ ಓರೆ. ಶಾಲೆಯಲ್ಲಿ ಇದನ್ನೇ ತ್ರಾಪಿಜ್ಯ ಅಂತ ಕಲಿತಿರುತ್ತೇವೆ. ದ್ವಿತೀಯ ಪಿಯುಸಿಯ ಗರಿಷ್ಠ-ಕನಿಷ್ಠ ಲೆಕ್ಕಗಳಲ್ಲೂ ಇದೇ ತ್ರಾಪಿಜ್ಯ ಬರುತ್ತದೆ. ಅದನ್ನು ನಾಲೆಗೆ ಹೊಂದಿಸಿ ಕೇಳೋಣ.

ತಳ 2 ಮೀಟರ್. ಎರಡು ಓರೆಗಳು ತಲಾ 2 ಮೀಟರ್. ಓರೆಯನ್ನು ಎಷ್ಟು ವಾಲಿಸಿದರೆ ಅಡ್ಡಸೀಳಿನ ವಿಸ್ತೀರ್ಣ ಅತಿ ಹೆಚ್ಚಾಗುತ್ತದೆ?

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಓರೆ ತಳದ ಮಟ್ಟಕ್ಕೆ 60 ಡಿಗ್ರಿ ಇರಬೇಕು, ಆಗ ವಿಸ್ತೀರ್ಣ 3√3, ಅಂದರೆ ಸುಮಾರು 5.196 ಚದರ ಮೀಟರ್. ಉತ್ತರ ಕೈಯಲ್ಲಿದ್ದರೆ ದಾರಿಗಳನ್ನು ಹೋಲಿಸಿ ನೋಡುವುದು ಸುಲಭ. ಒಂದೇ ಲೆಕ್ಕವನ್ನು ಎರಡನೇ ದಾರಿಯಲ್ಲಿ ಮಾಡಿದಾಗ ಮೊದಲನೆಯದು ಸರಿಯೋ ತಪ್ಪೋ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಲೆಕ್ಕದಲ್ಲಿ ಕೊಟ್ಟ ಯಾವ ಮಾತು ನಿಜವಾಗಿ ಬೇಕಿತ್ತು, ಯಾವುದು ಬೇಕಿರಲಿಲ್ಲ ಅನ್ನುವುದೂ ತಿಳಿಯುತ್ತದೆ.

ಎಲ್ಲರೂ ಹಿಡಿಯುವ ದಾರಿ ಇದು. ಓರೆಯ ಮೇಲ್ತುದಿಯಿಂದ ನೇರ ಕೆಳಕ್ಕೆ ಲಂಬ ಎಳೆಯಿರಿ. ಆ ಲಂಬ ತಳದ ಅಂಚಿನಿಂದ ಎಷ್ಟು ದೂರದಲ್ಲಿ ಬೀಳುತ್ತದೋ ಅದು ಕ್ಷ. ಪೈಥಾಗೊರಸ್ ಪ್ರಕಾರ ಆಳ √(4 − ಕ್ಷ²). ತಳ 2, ಮೇಲಿನ ಅಗಲ 2 + 2ಕ್ಷ. ಇವೆರಡರ ಸರಾಸರಿಯನ್ನು ಆಳದಿಂದ ಗುಣಿಸಿದರೆ

ವಿ = (2 + ಕ್ಷ) √(4 − ಕ್ಷ²)

ಪ್ರಾಡಕ್ಟ್ ರೂಲ್, ಚೈನ್ ರೂಲ್ ಎರಡನ್ನೂ ಹಾಕಿ ಡಿಫರೆನ್ಷಿಯೇಟ್ ಮಾಡಿದರೆ

ವಿ′ = (4 − 2ಕ್ಷ − 2ಕ್ಷ²) / √(4 − ಕ್ಷ²)

ಮೇಲಿನದ್ದನ್ನು ಸೊನ್ನೆಗೆ ಸಮ ಮಾಡಿದರೆ ಕ್ಷ² + ಕ್ಷ − 2 = 0. ಕ್ಷ = 1 ಅಥವಾ −2. ಎರಡನೆಯದು ಓರೆಗಳನ್ನು ಒಳಕ್ಕೆ ಮಡಚಿ ತಳದ ಮೇಲೇ ಮಲಗಿಸಿದ ಸ್ಥಿತಿ, ವಿಸ್ತೀರ್ಣ ಸೊನ್ನೆ, ಅದನ್ನು ಬಿಡಿ. ಕ್ಷ = 1 ಆದಾಗ ಆಳ √3, ವಿಸ್ತೀರ್ಣ 3√3.

ಮಕ್ಕಳು ಜಾರುವುದು ಚೈನ್ ರೂಲ್ ಹತ್ತಿರ. √(4 − ಕ್ಷ²) ಅನ್ನು ಡಿಫರೆನ್ಷಿಯೇಟ್ ಮಾಡುವಾಗ ಒಳಗಿನ −2ಕ್ಷ ಮರೆತು ಬರೀ 1/(2√(4 − ಕ್ಷ²)) ಬರೆದರೆ ಸಮೀಕರಣ 2ಕ್ಷ² − ಕ್ಷ − 10 = 0 ಆಗುತ್ತದೆ. ಅದರ ಧನ ಉತ್ತರ ಕ್ಷ = 2.5. ನೋಡಲು ಚೊಕ್ಕವಾದ ಸಂಖ್ಯೆ, ಹಾಗಾಗಿ ಅನುಮಾನವೂ ಬರುವುದಿಲ್ಲ. ಆದರೆ ಓರೆಯ ಉದ್ದವೇ 2 ಮೀಟರ್ ಇರುವಾಗ ಅದರ ನೆರಳು 2.5 ಮೀಟರ್ ಆಗಲು ಸಾಧ್ಯವಿಲ್ಲ. ಒಳಗಿನದ್ದನ್ನು ಬರೆದು ಮೈನಸ್ ಚಿಹ್ನೆ ಮಾತ್ರ ಬಿಟ್ಟರೆ ಸಿಗುವುದು ಕ್ಷ = −2 ಒಂದೇ. ಎರಡೂ ತಪ್ಪುಗಳು ತಮ್ಮನ್ನು ತಾವೇ ತೋರಿಸಿಕೊಳ್ಳುತ್ತವೆ. ಲೆಕ್ಕ ಶುರುಮಾಡುವ ಮೊದಲೇ ‘ಕ್ಷ 0 ಮತ್ತು 2ರ ನಡುವೆ’ ಅಂತ ಒಂದು ಸಾಲು ಬರೆದಿಟ್ಟಿರಬೇಕು, ಅಷ್ಟೆ. ಆ ಸಾಲನ್ನು ಬಹಳ ಮಂದಿ ಬರೆಯುವುದೇ ಇಲ್ಲ.

ಇನ್ನೊಂದು ಕಡೆ ಸಮಯ ಸುಮ್ಮನೆ ಹೋಗುತ್ತದೆ: ಎರಡನೇ ಡೆರಿವೇಟಿವ್. ಮೇಲಿನ ಭಿನ್ನರಾಶಿಯನ್ನು ಕೋಶಂಟ್ ರೂಲ್ ಹಾಕಿ ಪೂರ್ತಿ ಬಿಡಿಸಿದರೆ ಅರ್ಧ ಪುಟ ತುಂಬುತ್ತದೆ. ಅಷ್ಟು ಬೇಕಿಲ್ಲ. ಕ್ಷ = 1ರಲ್ಲಿ ಅಂಶ ಸೊನ್ನೆ, ಆದ್ದರಿಂದ ಛೇದದ ಡೆರಿವೇಟಿವ್ ಇರುವ ಪದ ತಾನಾಗಿ ಹೋಗುತ್ತದೆ. ಅಂಶವನ್ನು ಮಾತ್ರ ಡಿಫರೆನ್ಷಿಯೇಟ್ ಮಾಡಿ ಛೇದದಿಂದ ಭಾಗಿಸಿದರೆ ಸಾಕು: (−2 − 4)/√3 = −2√3. ಋಣ ಸಂಖ್ಯೆ, ಹಾಗಾಗಿ ಗರಿಷ್ಠ. ಅದೂ ಬೇಡವೆಂದರೆ ಎರಡು ತುದಿಗಳನ್ನು ನೋಡಿ. ಕ್ಷ = 0 ಆದರೆ ಚೌಕ, ವಿಸ್ತೀರ್ಣ 4. ಕ್ಷ = 2 ಆದರೆ ಓರೆ ನೆಲಕ್ಕೆ ಮಲಗಿ ವಿಸ್ತೀರ್ಣ ಸೊನ್ನೆ. ನಡುವೆ ಒಂದೇ ಒಂದು ತಿರುವು, ಅಲ್ಲಿ 5.196. ಕೊಟ್ಟ ವ್ಯಾಪ್ತಿಯ ಎರಡೂ ತುದಿಗಳು ಸೇರಿದ್ದು ಫಂಕ್ಷನ್ ಎಲ್ಲೂ ತುಂಡಾಗದಿದ್ದರೆ ಈ ಹೋಲಿಕೆಯೇ ಪೂರ್ಣ ಪುರಾವೆ. ನನಗೆ ಇದು ಎರಡನೇ ಡೆರಿವೇಟಿವ್‌ಗಿಂತ ಗಟ್ಟಿಯಾಗಿ ಕಾಣುತ್ತದೆ, ಏಕೆಂದರೆ ಎರಡನೇ ಡೆರಿವೇಟಿವ್ ಅಕ್ಕಪಕ್ಕದ ಮಾತನ್ನಷ್ಟೇ ಹೇಳುತ್ತದೆ, ಇದು ಇಡೀ ವ್ಯಾಪ್ತಿಯ ಮಾತು ಹೇಳುತ್ತದೆ.

ಈಗ ವರ್ಗಮೂಲವನ್ನೇ ತೆಗೆದುಹಾಕೋಣ. ವಿಸ್ತೀರ್ಣ ಋಣವಾಗದು, ಹಾಗಾಗಿ ವಿ ಎಲ್ಲಿ ಅತಿ ಹೆಚ್ಚೋ ವಿ² ಕೂಡ ಅಲ್ಲೇ ಅತಿ ಹೆಚ್ಚು. 4 − ಕ್ಷ² ಅನ್ನು (2 + ಕ್ಷ)(2 − ಕ್ಷ) ಎಂದು ಒಡೆದರೆ

ವಿ² = (2 + ಕ್ಷ)³ (2 − ಕ್ಷ)

ಇದನ್ನು ಡಿಫರೆನ್ಷಿಯೇಟ್ ಮಾಡಿದರೆ (2 + ಕ್ಷ)² (4 − 4ಕ್ಷ). ಮೊದಲ ಭಾಗ ಯಾವಾಗಲೂ ಧನ. ಎರಡನೆಯದು ಕ್ಷ 1 ದಾಟುವವರೆಗೆ ಧನ, ಆಮೇಲೆ ಋಣ. ಅಂದರೆ ಏರಿ ಇಳಿಯುತ್ತದೆ. ಎರಡನೇ ಡೆರಿವೇಟಿವ್ ಕೇಳುವ ಪ್ರಮೇಯವೇ ಇಲ್ಲ. ವಿ² ಬದಲು ಅದರ ಲಾಗ್ ತೆಗೆದುಕೊಂಡರೆ ಇನ್ನೂ ಚಿಕ್ಕದು: 3/(2 + ಕ್ಷ) = 1/(2 − ಕ್ಷ), ಅಲ್ಲಿಗೆ 6 − 3ಕ್ಷ = 2 + ಕ್ಷ, ಕ್ಷ = 1. ಗುಣಾಕಾರಗಳು, ಘಾತಗಳು ಸೇರಿಕೊಂಡ ಗರಿಷ್ಠ ಲೆಕ್ಕಗಳಲ್ಲಿ ಲಾಗ್ ದಾರಿ ಅಪರೂಪಕ್ಕೆ ಕೈಕೊಡುತ್ತದೆ. ಒಳಗಿನ ಸಂಖ್ಯೆ ಧನವಾಗಿರುವ ಕಡೆ ಮಾತ್ರ ಲಾಗ್ ಎನ್ನುವುದು ನೆನಪಿರಬೇಕು. ಇಲ್ಲಿ ಕ್ಷ = 2 ತುದಿಯನ್ನು ಬೇರೆಯಾಗಿ ನೋಡಬೇಕಾದ್ದು ಅದಕ್ಕೇ.

ದೂರದ ಬದಲು ಕೋನ ಹಿಡಿದವರಿಗೆ ವಿ = 4 ಸೈನ್ ಕೋ (1 + ಕಾಸ್ ಕೋ) ಸಿಗುತ್ತದೆ, ‘ಕೋ’ ಅಂದರೆ ಓರೆ ತಳದ ಮಟ್ಟಕ್ಕೆ ಮಾಡುವ ಕೋನ. ಡೆರಿವೇಟಿವ್ 4(2 ಕಾಸ್ ಕೋ − 1)(ಕಾಸ್ ಕೋ + 1), ಸೊನ್ನೆಯಾಗುವುದು ಕಾಸ್ ಕೋ = 1/2ರಲ್ಲಿ, 60 ಡಿಗ್ರಿ. ಪಕ್ಕದವರು ಕೋನವನ್ನು ಲಂಬದಿಂದ ಅಳೆದಿದ್ದರೆ ಅವರ ಉತ್ತರ 30 ಡಿಗ್ರಿ. ಒಬ್ಬರ ಹಾಳೆಯಲ್ಲಿ 1, ಇನ್ನೊಬ್ಬರಲ್ಲಿ 60, ಮತ್ತೊಬ್ಬರಲ್ಲಿ 30 ಇದ್ದರೂ ನಾಲೆ ಒಂದೇ. ಹಾಗಾಗಿ ಉತ್ತರ ಹೋಲಿಸುವಾಗ ಕೋನವನ್ನು ಹೋಲಿಸಬಾರದು, ವಿಸ್ತೀರ್ಣವನ್ನು ಹೋಲಿಸಬೇಕು. ಚರಾಕ್ಷರ ನಾವು ಇಟ್ಟ ಹೆಸರು, ವಿಸ್ತೀರ್ಣ ನಾಲೆಯದ್ದೇ ಗುಣ.

ಕ್ಯಾಲ್ಕುಲಸ್ ಇಲ್ಲದೆಯೂ ಆಗುತ್ತದೆಯೇ? ಆಗುತ್ತದೆ. ವಿ² ನಾಲ್ಕು ಸಂಖ್ಯೆಗಳ ಗುಣಲಬ್ಧ. (2 + ಕ್ಷ)/3 ಅನ್ನು ಮೂರು ಸಲ, (2 − ಕ್ಷ) ಅನ್ನು ಒಂದು ಸಲ ಕೂಡಿ: ಕ್ಷ ಏನೇ ಇರಲಿ ಮೊತ್ತ 4. ಹಾಗಾಗಿ ಸರಾಸರಿ 1, ಸಮಾಂತರ ಮಾಧ್ಯ ಗುಣೋತ್ತರ ಮಾಧ್ಯಕ್ಕಿಂತ ಕಡಿಮೆಯಾಗದು ಎಂಬ ನಿಯಮದಿಂದ ಗುಣಲಬ್ಧ 1ನ್ನು ಮೀರದು. ಅಂದರೆ ವಿ²/27 ≤ 1, ವಿ ≤ 3√3. ಸಮವಾಗುವುದು ನಾಲ್ಕೂ ಸಮವಾದಾಗ, ಕ್ಷ = 1. ಇಲ್ಲಿ ಮೂರರಿಂದ ಭಾಗಿಸಿದ್ದು ಯಾಕೆ ಅನ್ನುವುದೇ ಇಡೀ ಉಪಾಯ: ಮೊತ್ತ ಕ್ಷ ಇಲ್ಲದ ಸ್ಥಿರ ಸಂಖ್ಯೆ ಆಗಲೇಬೇಕು. ಭಾಗಿಸದೆ ನೇರವಾಗಿ ಹಾಕಿದರೆ ಮೊತ್ತ 8 + 2ಕ್ಷ ಆಗುತ್ತದೆ. ಆಗ ಬರುವ ಅಸಮತೆ ಸುಳ್ಳೇನಲ್ಲ, ಆದರೆ ಗರಿಷ್ಠವನ್ನು ಹೇಳಲು ಅದರಿಂದ ಆಗುವುದಿಲ್ಲ.

ಪೂರ್ಣ ವರ್ಗದ ದಾರಿಯೂ ಇದೆ. ಅದನ್ನು ಹುಡುಕಲು ಉತ್ತರ ಮೊದಲೇ ಗೊತ್ತಿರಬೇಕು, ಆದರೆ ಒಮ್ಮೆ ಸಿಕ್ಕರೆ ಬಹಳ ಹೇಳುತ್ತದೆ:

ವಿ² = 27 − (ಕ್ಷ − 1)² [(ಕ್ಷ + 3)² + 2]

ಬಿಡಿಸಿ ನೋಡಿ, ಎರಡೂ ಕಡೆ 16 + 16ಕ್ಷ − 4ಕ್ಷ³ − ಕ್ಷ⁴ ಬರುತ್ತದೆ. 27ರಿಂದ ಕಳೆಯುತ್ತಿರುವುದು ಯಾವತ್ತೂ ಋಣವಾಗದ ಸಂಖ್ಯೆ. ಅದು ಸೊನ್ನೆಯಾಗುವುದು ಕ್ಷ = 1ರಲ್ಲಿ ಮಾತ್ರ. ಜೊತೆಗೆ, ಕ್ಷ 1ರಿಂದ ಸ್ವಲ್ಪ ಆಚೀಚೆ ಹೋದರೆ ನಷ್ಟ ಆ ‘ಸ್ವಲ್ಪ’ದ ವರ್ಗದಷ್ಟು, ಅಂದರೆ ತೀರಾ ಕಡಿಮೆ. ಕ್ಯಾಲ್ಕುಲೇಟರ್ ಹಿಡಿದು ಕೋನ ಬದಲಿಸುತ್ತ ಹೋದರೆ ಇದೇ ಸಂಖ್ಯೆಗಳಲ್ಲಿ ಕಾಣುತ್ತದೆ. 45 ಡಿಗ್ರಿಗೆ 4.828, 50ಕ್ಕೆ 5.034, 55ಕ್ಕೆ 5.156, 60ಕ್ಕೆ 5.196, 65ಕ್ಕೆ 5.157, 70ಕ್ಕೆ 5.044. ಐದು ಡಿಗ್ರಿ ತಪ್ಪಿದರೂ ನೂರಕ್ಕೆ ಒಂದರಷ್ಟೂ ನಷ್ಟವಿಲ್ಲ. ಕಟ್ಟುವವರಿಗೆ ಇದು ಒಳ್ಳೆಯ ಸುದ್ದಿ. ಸಂಖ್ಯೆಗಳಿಂದಲೇ ಕೋನ ಹುಡುಕುವವರಿಗೆ ಕಷ್ಟದ ಸುದ್ದಿ, ಏಕೆಂದರೆ ತುದಿ ಚಪ್ಪಟೆಯಾಗಿರುವಲ್ಲಿ ವಿಸ್ತೀರ್ಣ ನಾಲ್ಕು ದಶಾಂಶ ಸರಿಯಾಗಿ ಸಿಕ್ಕರೂ ಕೋನ ಎರಡು ದಶಾಂಶವೂ ಸರಿಯಾಗಿ ಸಿಗದಿರಬಹುದು. ಕೋನ ನಿಖರವಾಗಿ ಬೇಕಿದ್ದರೆ ವಿಸ್ತೀರ್ಣದ ಗರಿಷ್ಠ ಹುಡುಕಬೇಡಿ, ಡೆರಿವೇಟಿವ್ ಸೊನ್ನೆಯಾಗುವ ಜಾಗ ಹುಡುಕಿ. ಅದು ಅಲ್ಲಿ ಕಡಿದಾಗಿ ಸೊನ್ನೆಯನ್ನು ದಾಟುತ್ತದೆ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇದ್ದು 60 ಒತ್ತಿದರೆ ವಿಸ್ತೀರ್ಣ −0.058 ಬರುತ್ತದೆ. ಋಣ ವಿಸ್ತೀರ್ಣ ಕಂಡ ಕೂಡಲೇ ಮೋಡ್ ನೋಡಿಕೊಳ್ಳಿ.

ಇಷ್ಟು ದಾರಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಕನ್ನಡಿಯ ದಾರಿ. ನೀರಿನ ಮಟ್ಟದಲ್ಲಿ ಒಂದು ಕನ್ನಡಿ ಮಲಗಿಸಿದಂತೆ ಭಾವಿಸಿ. ಕೆಳಗಿನ ತ್ರಾಪಿಜ್ಯ, ಮೇಲಿನ ಪ್ರತಿಬಿಂಬ ಸೇರಿ ಆರು ಬದಿಯ ಆಕೃತಿ ಆಗುತ್ತದೆ, ಪ್ರತಿ ಬದಿ 2 ಮೀಟರ್, ಸುತ್ತಳತೆ 12 ಮೀಟರ್. ಸುತ್ತಳತೆ ಇಷ್ಟೇ ಎಂದು ಕೊಟ್ಟರೆ ಷಡ್ಭುಜಗಳಲ್ಲಿ ಅತಿ ಹೆಚ್ಚು ವಿಸ್ತೀರ್ಣ ನಿಯಮಿತ ಷಡ್ಭುಜದ್ದು. ನ್ಯೂಟನ್, ಲೈಬ್ನಿಟ್ಸ್ ಕ್ಯಾಲ್ಕುಲಸ್ ಕಟ್ಟಿದ 17ನೇ ಶತಮಾನಕ್ಕಿಂತ ಬಹಳ ಹಿಂದೆ ಗ್ರೀಕರ ಝೆನೊಡೋರಸ್ ಕೈಹಾಕಿದ ವಿಷಯ ಇದು. ನಿಯಮಿತ ಷಡ್ಭುಜದ ಒಳಕೋನ 120 ಡಿಗ್ರಿ, ಆದ್ದರಿಂದ ಓರೆ 60 ಡಿಗ್ರಿ. ವಿಸ್ತೀರ್ಣ 6√3, ಅದರ ಅರ್ಧ 3√3. ಒಂದು ವಿಷಯ ಮಾತ್ರ ಪರೀಕ್ಷಿಸಿಕೊಳ್ಳಬೇಕು: ನಿಯಮಿತ ಷಡ್ಭುಜವನ್ನು ಎದುರುಬದುರು ಮೂಲೆಗಳ ಗೆರೆಯಲ್ಲಿ ಕತ್ತರಿಸಿದರೆ ನಿಜವಾಗಿ ನಮ್ಮ ಆಕಾರದ ತ್ರಾಪಿಜ್ಯ ಸಿಗುತ್ತದೆಯೇ? ಸಿಗುತ್ತದೆ. ಹಾಗಾಗಿ ತರ್ಕ ಪೂರ್ತಿಯಾಯಿತು.

ಈ ದಾರಿ ಉಳಿದವು ಹೇಳದ್ದನ್ನು ಹೇಳುತ್ತದೆ. ಷಡ್ಭುಜದ ಮಾತಿಗೆ ಬದಿಗಳು ಸಮ ಇರಬೇಕೆಂದೇ ಇಲ್ಲ, ಸುತ್ತಳತೆ ಗೊತ್ತಿದ್ದರೆ ಸಾಕು. ಅಂದರೆ ‘ಮೂರೂ ಬದಿ ತಲಾ 2 ಮೀಟರ್’ ಅನ್ನುವ ಷರತ್ತು ಬೇಕಿರಲಿಲ್ಲ. ‘ಒಟ್ಟು 6 ಮೀಟರ್ ಲೈನಿಂಗ್ ಇದೆ, ತಳಕ್ಕೆ ಎಷ್ಟು, ಓರೆಗೆ ಎಷ್ಟು, ನೀವೇ ಹಂಚಿ’ ಎಂದಿದ್ದರೂ ಉತ್ತರ ಇದೇ. ಬೇಕಿದ್ದರೆ ಎರಡು ಚರಾಕ್ಷರ ಇಟ್ಟು ನೋಡಿ. ಓರೆಯ ಉದ್ದ ‘ಓ’ ಆದರೆ ತಳ 6 − 2ಓ, ವಿಸ್ತೀರ್ಣ

ವಿ = ಓ ಸೈನ್ ಕೋ (6 − 2ಓ + ಓ ಕಾಸ್ ಕೋ)

ಓ ಮಾತ್ರ ಬದಲಿಸಿ ಡಿಫರೆನ್ಷಿಯೇಟ್ ಮಾಡಿದರೆ 6 = 4ಓ − 2ಓ ಕಾಸ್ ಕೋ, ಅಂದರೆ ಓ = 3/(2 − ಕಾಸ್ ಕೋ). ಕೋನ ಮಾತ್ರ ಬದಲಿಸಿದರೆ (6 − 2ಓ) ಕಾಸ್ ಕೋ + ಓ (2 ಕಾಸ್² ಕೋ − 1) = 0. ಮೊದಲನೆಯದರ 6ನ್ನು ಎರಡನೆಯದಕ್ಕೆ ಹಾಕಿ ಓ ಹೊಡೆದುಹಾಕಿದರೆ ಕಾಸ್² ಇರುವ ಪದಗಳು ಒಂದನ್ನೊಂದು ಕಳೆದು 2 ಕಾಸ್ ಕೋ = 1 ಮಾತ್ರ ಉಳಿಯುತ್ತದೆ. ಮತ್ತೆ 60 ಡಿಗ್ರಿ, ಓ = 2, ತಳ 2. ಮೂರು ಬದಿ ತಾವಾಗಿ ಸಮವಾದವು.

ಹಾಗಾದರೆ ಮಂಡ್ಯದ ನಾಲೆಗಳ ಓರೆ 60 ಡಿಗ್ರಿ ಇರಬೇಕಿತ್ತಲ್ಲ? ಅಲ್ಲಿ ಮಣ್ಣು ಅಡ್ಡ ಬರುತ್ತದೆ. ಅಗೆದ ಮಣ್ಣು ಅಷ್ಟು ಕಡಿದಾಗಿ ನಿಲ್ಲುವುದಿಲ್ಲ. ಮೇಲೆ ಕಾಂಕ್ರೀಟ್ ಹಾಸಿದರೂ ಹಿಂದಿನ ಮಣ್ಣು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನಾಲೆಯ ನೀರನ್ನು ಬೇಗ ಇಳಿಸಿದಾಗ ನೆನೆದ ಮಣ್ಣಿನೊಳಗಿನ ನೀರು ಲೈನಿಂಗ್ ಅನ್ನು ಹಿಂದಿನಿಂದ ತಳ್ಳುತ್ತದೆ, ಕಡಿದಾದ ಓರೆಯಲ್ಲಿ ಚಪ್ಪಡಿ ಜರಿಯುತ್ತದೆ. ಅದಕ್ಕೇ ಲಂಬ 1ಕ್ಕೆ ಅಡ್ಡ 1.5ರಂಥ ಓರೆ ಸಾಮಾನ್ಯ, ಸುಮಾರು 33.7 ಡಿಗ್ರಿ. ಈಗ ಲೆಕ್ಕವೇ ಬದಲಾಯಿತು: ಕೋನ ಮಣ್ಣು ನಿಗದಿ ಮಾಡಿದ್ದು, ನಮ್ಮ ಕೈಯಲ್ಲಿರುವುದು ಓರೆಯ ಉದ್ದ ಮಾತ್ರ. ಮೇಲಿನ ಎರಡು ಸಮೀಕರಣಗಳಲ್ಲಿ ಮೊದಲನೆಯದು ಈಗಲೂ ನಡೆಯುತ್ತದೆ. ಓ = 2.57 ಮೀಟರ್, ತಳ 0.86 ಮೀಟರ್, ಆಳ 1.42 ಮೀಟರ್, ವಿಸ್ತೀರ್ಣ 4.27 ಚದರ ಮೀಟರ್.

ಆ ಸಮೀಕರಣದೊಳಗೆ ಇನ್ನೂ ಒಂದು ಸಂಗತಿ ಅಡಗಿದೆ. ಓ = 3/(2 − ಕಾಸ್ ಕೋ) ಆದಾಗ ಆವರಣದೊಳಗಿನ 6 − 2ಓ + ಓ ಕಾಸ್ ಕೋ ಸರಿಯಾಗಿ 3. ಕೋನ ಯಾವುದಾದರೂ ಸರಿ. ಆದ್ದರಿಂದ ವಿಸ್ತೀರ್ಣ = 3 × ಆಳ. ಅದನ್ನು 6 ಮೀಟರ್ ಒದ್ದೆ ಸುತ್ತಳತೆಯಿಂದ ಭಾಗಿಸಿದರೆ ಆಳದ ಅರ್ಧ. ಈ ಭಾಗಲಬ್ಧಕ್ಕೆ ಎಂಜಿನಿಯರುಗಳು ಹೈಡ್ರಾಲಿಕ್ ರೇಡಿಯಸ್ ಅನ್ನುತ್ತಾರೆ. ‘ಉತ್ತಮ ನಾಲೆಯಲ್ಲಿ ಅದು ಆಳದ ಅರ್ಧ’ ಎಂದು ಸಿವಿಲ್ ಓದುವವರು ಬಾಯಿಪಾಠ ಮಾಡುವುದು ಇದನ್ನೇ, ಅದು ಹುಟ್ಟುವುದು ಈ ಒಂದು ಸಾಲಿನಲ್ಲಿ.

ನೀರಿನ ಲೆಕ್ಕಕ್ಕೆ ಮ್ಯಾನಿಂಗ್ ಸೂತ್ರ: ವೇಗ = (1/ಒರಟುತನ) × ಹೈಡ್ರಾಲಿಕ್ ರೇಡಿಯಸ್‌ನ 2/3 ಘಾತ × ಇಳಿಜಾರಿನ ವರ್ಗಮೂಲ. ಕಾಂಕ್ರೀಟಿನ ಒರಟುತನ 0.015, ಇಳಿಜಾರು 5,000 ಮೀಟರಿಗೆ 1 ಮೀಟರ್ ಎಂದು ಹಿಡಿಯೋಣ. 60 ಡಿಗ್ರಿಯ ನಾಲೆ ಅಂಚಿನವರೆಗೆ ತುಂಬಿ ಹರಿದರೆ ಸೆಕೆಂಡಿಗೆ 4.45 ಘನ ಮೀಟರ್, ನಮ್ಮ ಕಡೆಯ ಮಾತಿನಲ್ಲಿ 157 ಕ್ಯೂಸೆಕ್. 1.5 ಓರೆಯ ನಾಲೆಗೆ ಸುಮಾರು 114 ಕ್ಯೂಸೆಕ್. ಅದೇ ಆಕಾರ ಲೈನಿಂಗ್ ಇಲ್ಲದ ಮಣ್ಣಿನದ್ದಾದರೆ, ಒರಟುತನ 0.025 ಹಿಡಿದು, ಸುಮಾರು 68. ಅಂಚಿನ ಕೆಳಗೆ ಒಂದಿಷ್ಟು ಖಾಲಿ ಬಿಡಬೇಕಾದ್ದರಿಂದ ನಿಜವಾದ ಹರಿವು ಇನ್ನೂ ಕಡಿಮೆ. ಹೂಳು, ಜೊಂಡು ಬೆಳೆದರೆ ಒರಟುತನ ಏರಿ ಮತ್ತಷ್ಟು ಕಡಿಮೆ. ಕೊನೇ ಭಾಗದ ರೈತರಿಗೆ ನೀರು ತಲುಪಬೇಕಾದರೆ ಓರೆಯ ಕೋನದ ಜೊತೆಗೆ ಈ ಒರಟುತನದ ಸಂಖ್ಯೆಯನ್ನೂ ಗಂಭೀರವಾಗಿ ನೋಡಬೇಕು. ನಾಲೆ ಸ್ವಚ್ಛವಾಗಿಡುವುದು ಗಣಿತದ ಲೆಕ್ಕದಲ್ಲೂ ದೊಡ್ಡ ಕೆಲಸ.

ಇಲ್ಲಿಯವರೆಗೆ ದಾರಿಗಳೆಲ್ಲ ಒಂದೇ ಸಂಖ್ಯೆಗೆ ಬಂದು ಸೇರಿದವು. ಇಂಟಿಗ್ರೇಷನ್‌ನಲ್ಲಿ ಹಾಗೆ ಕಾಣುವುದಿಲ್ಲ, ಮಕ್ಕಳು ಧೈರ್ಯ ಕಳೆದುಕೊಳ್ಳುವುದೂ ಅಲ್ಲೇ. ಸೈನ್ ಕ್ಷ × ಕಾಸ್ ಕ್ಷ ಇದರ ಇಂಟಿಗ್ರಲ್ ತೆಗೆಯಿರಿ. ಸೈನ್ ಅನ್ನು ಹೊಸ ಚರಾಕ್ಷರ ಮಾಡಿದರೆ ಸೈನ್²ಕ್ಷ/2. ಕಾಸ್ ಅನ್ನು ಮಾಡಿದರೆ −ಕಾಸ್²ಕ್ಷ/2. ಮೊದಲೇ ಸೈನ್ 2ಕ್ಷ/2 ಎಂದು ಬರೆದುಕೊಂಡರೆ −ಕಾಸ್ 2ಕ್ಷ/4. ಪುಸ್ತಕದ ಹಿಂದೆ ಇರುವುದು ಒಂದೇ ಉತ್ತರ. ಹೊಂದದಿದ್ದವರು ಸರಿಯಾದ ಲೆಕ್ಕವನ್ನೇ ಹೊಡೆದುಹಾಕಿ ಮತ್ತೆ ಶುರುಮಾಡುತ್ತಾರೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 1/2, ಮೂರನೆಯದನ್ನು ಕಳೆದರೆ 1/4. ಎರಡೂ ಬರೀ ಸ್ಥಿರ ಸಂಖ್ಯೆಗಳು, ಕೊನೆಯಲ್ಲಿ ಬರೆಯುವ ಸ್ಥಿರಾಂಕದೊಳಗೆ ಸೇರಿಹೋಗುತ್ತವೆ. ಆ ಸ್ಥಿರಾಂಕವನ್ನು ಅಂಕ ಹೋಗದಿರಲೆಂದು ಬರೆಯುವವರು 1/ಕ್ಷ ಅನ್ನು ಬೈ ಪಾರ್ಟ್ಸ್ ಮಾಡಿ ನೋಡಲಿ: ಇಂಟಿಗ್ರಲ್ = 1 + ಅದೇ ಇಂಟಿಗ್ರಲ್ ಅಂತ ಬರುತ್ತದೆ. ಸ್ಥಿರಾಂಕ ಮರೆತರೆ 0 = 1.

ನಿಜವಾಗಿ ತಪ್ಪು ಉತ್ತರಕ್ಕೆ ಒಯ್ಯುವ ದಾರಿಯೂ ಇದೆ. 1/(1 + ಸೈನ್²ಕ್ಷ) ಅನ್ನು 0ಯಿಂದ ಪೈವರೆಗೆ ಇಂಟಿಗ್ರೇಟ್ ಮಾಡಬೇಕು. ಅಂಶ, ಛೇದ ಎರಡನ್ನೂ ಕಾಸ್² ಇಂದ ಭಾಗಿಸಿ ಟ್ಯಾನ್ ಅನ್ನು ಹೊಸ ಚರಾಕ್ಷರ ಮಾಡಿದರೆ (1/√2) × ಟ್ಯಾನ್ ಇನ್ವರ್ಸ್ (√2 ಟ್ಯಾನ್ ಕ್ಷ). ಎರಡೂ ಮಿತಿಗಳಲ್ಲಿ ಟ್ಯಾನ್ ಸೊನ್ನೆ, ಉತ್ತರ ಸೊನ್ನೆ. ಹೆಜ್ಜೆಗಳಲ್ಲಿ ಸೂತ್ರದ ತಪ್ಪು ಒಂದೂ ಇಲ್ಲ. ಆದರೆ ಒಳಗಿನ ಸಂಖ್ಯೆ ಎಲ್ಲೂ 1/2ಕ್ಕಿಂತ ಕಡಿಮೆ ಇಲ್ಲ, 1ನ್ನು ಮೀರುವುದೂ ಇಲ್ಲ. ಆದ್ದರಿಂದ ಉತ್ತರ 1.57 ಮತ್ತು 3.14ರ ನಡುವೆ ಇರಲೇಬೇಕು. ತೊಂದರೆ ಆದದ್ದು ಪೈ/2ರಲ್ಲಿ, ಅಲ್ಲಿ ಟ್ಯಾನ್ ಹರಿದುಹೋಗುತ್ತದೆ. ವ್ಯಾಪ್ತಿಯನ್ನು ಅಲ್ಲೇ ಎರಡು ಭಾಗ ಮಾಡಿ, ಎರಡೂ ಸಮವಾದ್ದರಿಂದ ಒಂದನ್ನು ದುಪ್ಪಟ್ಟು ಮಾಡಿದರೆ ಪೈ/√2, ಸುಮಾರು 2.221. ಚರಾಕ್ಷರ ಬದಲಿಸಿದಾಗ ಹೊಸದು ವ್ಯಾಪ್ತಿಯ ಉದ್ದಕ್ಕೂ ತುಂಡಾಗದೆ ಸಾಗುತ್ತದೆಯೇ ಎಂದು ನೋಡದಿದ್ದರೆ ಹೀಗಾಗುತ್ತದೆ.

ಪರೀಕ್ಷೆಯ ಮಾತು ಹೇಳದೆ ಬಿಟ್ಟರೆ ಪಿಯುಸಿ ಓದುವವರಿಗೆ ಪೂರ್ತಿ ಆಗದು. ಬೋರ್ಡ್ ಪರೀಕ್ಷೆಯಲ್ಲಿ ಹೆಜ್ಜೆಗಳಿಗೆ ಅಂಕ. ಕ್ಷ ಎಂದರೇನು, ಅದರ ವ್ಯಾಪ್ತಿ, ವಿಸ್ತೀರ್ಣದ ಸೂತ್ರ, ಡೆರಿವೇಟಿವ್, ಗರಿಷ್ಠವೆಂಬ ಪುರಾವೆ ಎಲ್ಲ ಕಾಣಬೇಕು. ವಿ² ದಾರಿ ಅಲ್ಲಿಗೆ ಸರಿ, ಬರೆಯುವುದು ಕಡಿಮೆ, ಹೆಜ್ಜೆ ತಪ್ಪುವ ಜಾಗಗಳೂ ಕಡಿಮೆ. ‘ಕ್ಯಾಲ್ಕುಲಸ್ ಬಳಸಿ’ ಎಂದು ಕೇಳಿದ್ದರೆ ಕನ್ನಡಿಯ ದಾರಿಯನ್ನು ಕರಡು ಪುಟದಲ್ಲಿ ತಾಳೆ ನೋಡಲು ಇಟ್ಟುಕೊಳ್ಳಿ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ಅಲ್ಲಿ ಲಾಗ್ ದಾರಿ, ಎ.ಎಂ.-ಜಿ.ಎಂ., ಷಡ್ಭುಜ ಯಾವುದಾದರೂ ನಡೆಯುತ್ತದೆ. ಇಂಟಿಗ್ರಲ್ ಪ್ರಶ್ನೆಯಲ್ಲಿ ನಿಮ್ಮ ಉತ್ತರ ಆಯ್ಕೆಗಳಲ್ಲಿ ಕಾಣದಿದ್ದರೆ ಕ್ಷಗೆ ಎರಡು ಬೆಲೆ ಹಾಕಿ, ಉದಾಹರಣೆಗೆ 0 ಮತ್ತು ಪೈ/6, ನಿಮ್ಮದು ಎಷ್ಟು ಏರಿತು, ಆಯ್ಕೆ ಎಷ್ಟು ಏರಿತು ನೋಡಿ. ಮೇಲಿನ ಮೂರು ಉತ್ತರಗಳೂ ಆ ಎರಡು ಬೆಲೆಗಳ ನಡುವೆ ಸರಿಯಾಗಿ 1/8 ಏರುತ್ತವೆ. ಏರಿಕೆ ಹೊಂದದ ಆಯ್ಕೆಯನ್ನು ಹೊಡೆದುಹಾಕಿ. ಎರಡು ಆಯ್ಕೆಗಳು ಹೊಂದಿದರೆ ಮೂರನೇ ಬೆಲೆಯೊಂದನ್ನು ಹಾಕಿ ನೋಡಿ, ಸಾಮಾನ್ಯವಾಗಿ ಅಲ್ಲಿಗೆ ಒಂದೇ ಉಳಿಯುತ್ತದೆ.